ದುಂಡು ಪಿಸ್ಟನ್ ಒಲ್ಲೆನೆಂದ ಪರಮಶಿವಯ್ಯ

ಬೆಳಗಿನ ಜಾವ ನಾಲ್ಕೂವರೆ. ಸಕಲೇಶಪುರದ ಹೊರಗೆ, ಮಂಗಳೂರು ರಸ್ತೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಪರಮಶಿವಯ್ಯ ಜೀಪೊಂದರ ಎಂಜಿನ್ ಬ್ಲಾಕಿನೊಳಗೆ ಮೊಣಕೈವರೆಗೆ ಕೈ ಇಳಿಬಿಟ್ಟು ಕಣ್ಣು ಮುಚ್ಚಿಕೊಂಡಿದ್ದಾರೆ. ಸಿಲಿಂಡರಿನ ಗೋಡೆ ಎಲ್ಲಿ ಸವೆದಿದೆ ಎನ್ನುವುದನ್ನು ಬೆರಳು ಮೊದಲು ಹೇಳುತ್ತದೆ, ಗೇಜು ಆಮೇಲೆ. ಊರಿನ ಹಿಟ್ಟಿನ ಗಿರಣಿ, ಕಾಫಿ ಕ್ಯೂರಿಂಗ್ ಶುರುವಾದರೆ ವೋಲ್ಟೇಜು ಕುಸಿಯುತ್ತದೆ. ಕೊರೆಯುವ ಉಳಿ ಒಮ್ಮೆ ನಡುಗಿದರೂ ಗೋಡೆಯಲ್ಲಿ ಏಣು ಬೀಳುತ್ತದೆ. ಅದಕ್ಕೇ ಸವೆದ ಸಿಲಿಂಡರನ್ನು ಕೊರೆದು ಸಮ ಮಾಡುವ ಇವರ ಬೋರಿಂಗ್ ಕೆಲಸವೆಲ್ಲ ಕೋಳಿ ಕೂಗುವ ಹೊತ್ತಿಗೆ.

"ಬ್ಲಾಕ್ ಬಂದ ದಿನ ನಾನು ಮುಟ್ಟಕ್ಕಿಲ್ಲ. ರಾತ್ರಿಯೆಲ್ಲ ತಣ್ಣಗಾಗ್ಲಿ ಅಂತೀನಿ. ಬಿಸಿ ಇದ್ದಾಗ ಅಳೆದ್ರೆ ಕಬ್ಬಿಣನೂ ಸುಳ್ಳು ಹೇಳ್ತೈತೆ ಕಣ್ರೀ" ಎನ್ನುತ್ತಾರೆ.

ಪರಮಶಿವಯ್ಯ ಆಲೂರು ತಾಲ್ಲೂಕಿನ ಪಾಳ್ಯದ ಕಡೆಯವರು. ರಾಗಿ ಹೊಲದ ಮನೆಯಿಂದ ಹೊರಟು, ಹಾಸನದ ವರ್ಕ್‌ಶಾಪಿನಲ್ಲಿ ಒಂಬತ್ತು ವರ್ಷ ಎಣ್ಣೆ ಒರೆಸಿ, ಎಂಬತ್ತನಾಲ್ಕರಲ್ಲಿ ಹಳೆಯ ಬೋರಿಂಗ್ ಮೆಷಿನ್ನೊಂದನ್ನು ಲಾರಿಯಲ್ಲಿ ಹಾಕಿಕೊಂಡು ಇಲ್ಲಿಗೆ ಬಂದವರು. ಈಗ ಇವರಿಗೆ ಐವತ್ತೆಂಟು. ಹದಿನೆಂಟು ವರ್ಷಗಳಲ್ಲಿ ಈ ಘಟ್ಟದ ಜೀಪುಗಳಲ್ಲಿ ಮುಕ್ಕಾಲು ಪಾಲು ಇವರ ಕೈಯಲ್ಲಿ ಹಾದು ಹೋಗಿವೆ. ಒಂದು ಬ್ಲಾಕಿಗೆ ನಾಲ್ಕು ಸಿಲಿಂಡರ್, ಒಂದೊಂದಕ್ಕೆ ಮುಕ್ಕಾಲು ಗಂಟೆ. ಮುಗಿದ ಬ್ಲಾಕಿನ ಪಕ್ಕೆಯಲ್ಲಿ ಉಳಿಯಿಂದ ಒಂದು ಪುಟ್ಟ 'ಪ' ಹೊಡೆಯುತ್ತಾರೆ. ಆ ಅಕ್ಷರವೇ ಅವರಿಗೆ ಮುಳುವಾಯಿತು.

ಅದನ್ನು ಹೇಳಲು ಹೊರಟರೆ ಇವರ ದನಿ ಏರುತ್ತದೆ. ಏರಲೇಬೇಕು.

ಕಳೆದ ಆಷಾಢದಲ್ಲಿ, ಹಾನುಬಾಳಿನ ಆಚೆಯ ಏರಿನಲ್ಲಿ, ಹದಿನಾರು ಜನ ಎಸ್ಟೇಟ್ ಆಳುಗಳನ್ನು ತುಂಬಿಕೊಂಡಿದ್ದ ಜೀಪಿನ ಎಂಜಿನ್ ಏಕಾಏಕಿ ಕಚ್ಚಿಕೊಂಡು ನಿಂತಿತು. ಜೀಪು ಕೆಸರಿನಲ್ಲಿ ಹಿಂದಕ್ಕೆ ಜಾರಿ ಚರಂಡಿಗೆ ಮಗುಚಿತು. ಹಿಂದೆ ಕೂತಿದ್ದ ಮುನಿಯಮ್ಮನ ಬಲಗಾಲು ಮೊಣಕಾಲಿನ ಕೆಳಗೆ ಜಜ್ಜಿಹೋಯಿತು. ವಿಮಾ ಕಂಪನಿಯಿಂದ ಒಬ್ಬ ಸರ್ವೇಯರ್ ಬಂದರು. ಎಂಜಿನ್ ಬಿಚ್ಚಿಸಿ, ಸಿಲಿಂಡರುಗಳೊಳಗೆ ಮೇಲೆ ಕೆಳಗೆ ಓಡಾಡುವ ನಾಲ್ಕು ಪಿಸ್ಟನ್ ಅಳೆದರು. ಮೂರು ಅಷ್ಟಿಷ್ಟು ಅಂಡಾಕಾರ, ಮೂರನೇ ಸಿಲಿಂಡರಿನದು ಮಾತ್ರ ಚೊಕ್ಕ ದುಂಡು. ಬ್ಲಾಕಿನ ಪಕ್ಕೆಯಲ್ಲಿ 'ಪ' ಕಾಣಿಸಿತು. ವರದಿ ತಯಾರು: ಮೂರು ಪಿಸ್ಟನ್ ಸೊಟ್ಟ, ಬೋರಿಂಗ್ ಕೆಲಸ ಕಳಪೆ.

"ಯಾವ ಪಿಸ್ಟನ್ ಸಾರ್ ದುಂಡಗಿರ್ತದೆ?" ಪರಮಶಿವಯ್ಯ ಬೆಂಚಿನ ಮೇಲೆ ಗುದ್ದುತ್ತಾರೆ. "ಕಂಪ್ನಿಯೋರೇ ಅಂಡಾಕಾರ ಮಾಡಿ ಕಳಿಸೋದು. ಪಿನ್ ಕೂರೋ ಕಡೆ ಲೋಹ ದಪ್ಪ. ಕಾದಾಗ ಆ ಕಡೆನೇ ಜಾಸ್ತಿ ಉಬ್ಬೋದು. ಅದಕ್ಕೇ ಅಲ್ಲಿ ಒಂದು ಕೂದ್ಲೆಳೆ ಕಮ್ಮಿ ಇಟ್ಟಿರ್ತಾರೆ. ತಣ್ಣಗಿದ್ದಾಗ ಸೊಟ್ಟ, ಕಾದ್ಮೇಲೆ ದುಂಡು. ತಣ್ಣಗಿದ್ದಾಗ್ಲೇ ದುಂಡಗಿದ್ರೆ, ಕಾದ್ಮೇಲೆ ಗೋಡೆಗೆ ಕಚ್ಕೊಂಬುಡ್ತದೆ!"

ಕಚ್ಚಿಕೊಂಡದ್ದೂ ಆ ದುಂಡು ಪಿಸ್ಟನ್ನೇ. ಪರಮಶಿವಯ್ಯ ಬೋರ್ ಮಾಡಿದಾಗ ನಾಲ್ಕಕ್ಕೂ ಕಂಪನಿ ಪಿಸ್ಟನ್ ಕೂತಿದ್ದವು. ಆಮೇಲೆ ಮೂರನೆಯದು ಒಡೆಯಿತು. ಜೀಪಿನ ಮಾಲೀಕ ಹೊಸದು ತರಲು ಜಿಪುಣತನ ಮಾಡಿ, ಬೇರೆಲ್ಲೋ ಲಾರಿಯ ಹಳೇ ಪಿಸ್ಟನ್ನನ್ನು ಲೇತಿಗೆ ಕೊಟ್ಟು ಅಳತೆಗೆ ಇಳಿಸಿ ತುರುಕಿಸಿದ್ದ. ಲೇತಿನಲ್ಲಿ ತಿರುಗಿಸಿದ್ದು ದುಂಡಗಲ್ಲದೆ ಇನ್ನೇನಾದೀತು? ಅದೊಂದೇ ಯಾಕೆ ಕಚ್ಚಿತು ಎಂದು ಕೇಳಿದರೆ ಸರ್ವೇಯರ್ ಸಾಹೇಬರ ಉತ್ತರ ಸಿದ್ಧವಿತ್ತು. ಮಿಕ್ಕ ಮೂರೂ ಸರಿಯಿಲ್ಲದೆ ಭಾರವೆಲ್ಲ ಒಳ್ಳೆಯದರ ಮೇಲೆ ಬಿತ್ತಂತೆ! ಕಳ್ಳನನ್ನು ಸಾಕ್ಷಿ ಮಾಡಿ ಮನೆಯವನನ್ನು ಕಟಕಟೆಗೆ ಹತ್ತಿಸುವ ಈ ನ್ಯಾಯಕ್ಕೆ ಏನೆನ್ನಬೇಕು?

ಪರಮಶಿವಯ್ಯ ಸುಮ್ಮನೆ ಕೂರಲಿಲ್ಲ. ಚೀಲದಲ್ಲಿ ಒಂದು ಪಿಸ್ಟನ್, ಸಿಲಿಂಡರಿನ ಅಳತೆಯ ಒಂದು ಉಕ್ಕಿನ ಬಳೆ, ಸೀಮೆಎಣ್ಣೆ ಸ್ಟೌ ಹಾಕಿಕೊಂಡು ಬಸ್ಸು ಹತ್ತಿ ವಿಮಾ ಕಂಪನಿಯ ಕಚೇರಿಗೆ ಹೋದರು. ಬಳೆಯೊಳಗೆ ಪಿಸ್ಟನ್ ಇಳಿಸಿ, ಕಾಯಿಸಿ, ಸಂದು ಮುಚ್ಚಿಕೊಳ್ಳುವುದನ್ನು ಕಣ್ಣಾರೆ ತೋರಿಸುವ ಲೆಕ್ಕಾಚಾರ. ಸ್ಟೌ ನೋಡಿದ ವಾಚ್‌ಮನ್ ಗೇಟಿನಲ್ಲೇ ತಡೆದ. ಮೂರು ಸಲ ಹೋದರು, ಮೂರು ಸಲವೂ ಅದೇ ಗೇಟು. ಕೊನೆಗೆ ಆ ಪ್ರಯೋಗವನ್ನು ಇದೇ ಶೆಡ್ಡಿನಲ್ಲಿ ನೋಡಿದವಳು ಮುನಿಯಮ್ಮ. ಕಾಲಿನ ಪಟ್ಟಿ ಬದಲಿಸಲು ಪ್ರತಿ ಸೋಮವಾರ ಆಸ್ಪತ್ರೆಗೆ ಬರುವ ಆಕೆ, ನನ್ನ ಕಾಲು ತೆಗೆದವನು ನೀನೇನಾ ಎಂದು ಕೇಳಲೆಂದೇ ಒಳಗೆ ಬಂದಿದ್ದಳಂತೆ. ನೋಡಿ ಮುಗಿಸಿ ಆಕೆ ಅಂದದ್ದು ಇಷ್ಟು: "ಬಾಗ್ಲು ಮಳೇಲಿ ಉಬ್ಕೊಂಡು ಕಚ್ಕತದಲ್ಲ, ಹಂಗೆ. ಇದು ತಿಳಿಯಕ್ಕೆ ಓದ್ಬೇಕಾ?"

ಹೆಸರು ಕೆಟ್ಟದ್ದಷ್ಟೇ ಆಗಿದ್ದರೆ ನುಂಗಿಕೊಳ್ಳಬಹುದಿತ್ತು. ಆದರೆ ವರದಿಯ ಸುದ್ದಿ ಗ್ಯಾರೇಜಿನಿಂದ ಗ್ಯಾರೇಜಿಗೆ ಹರಡಿ, ದುಂಡು ಪಿಸ್ಟನ್ನೇ ಸರಿ ಎಂಬ ಮಾತು ಘಟ್ಟದಲ್ಲಿ ನಿಂತುಬಿಟ್ಟಿದೆ. ಅಗ್ಗ ಬೇರೆ! ಇವತ್ತು ಹತ್ತು ಗಂಟೆಗೆ ಹಾನುಬಾಳು ಕಡೆಯ ಇನ್ನೊಬ್ಬ ಜೀಪ್ ಮಾಲೀಕ ರಂಗಸ್ವಾಮಿ ಬಂದದ್ದೂ ನಾಲ್ಕು ಲೇತ್ ಪಿಸ್ಟನ್ ಹಿಡಿದುಕೊಂಡೇ.

"ಇದಕ್ಕೆ ಬೋರ್ ಮಾಡ್ಕೊಡು. ಪಿಸ್ಟನ್ ದಪ್ಪವಾಗೇ ಮಾಡ್ಸಿದೀನಿ, ಅಗಲ್ವಾಗೇ ಕೊರಿ, ಸಿಸಿ ಜಾಸ್ತಿಯಾಗ್ಲಿ, ಇಪ್ಪತ್ತು ಜನ ಎಳೀಬೇಕು."

"ಎಷ್ಟು ಕೊರೆದ್ರೂ ನೂರಕ್ಕೆ ನಾಲ್ಕು ಸಿಸಿ ಏರಲ್ಲ ಮಾರಾಯ. ಗೋಡೆ ಕೆರೆದು ಮನೆ ದೊಡ್ದು ಮಾಡ್ಕೊಂಡಂಗೆ. ಈ ಪಿಸ್ಟನ್ನಿಗಂತೂ ನಾನು ಮೆಷಿನ್ ಚಾಲೂ ಮಾಡಕ್ಕಿಲ್ಲ."

"ಸರ್ಕಾರಿ ವರದಿಗಿಂತ ನೀನು ಹೆಚ್ಚೇನಯ್ಯಾ?"

ವರದಿ ಸರ್ಕಾರದ್ದಲ್ಲ, ಆದರೆ ಯಾರಿಗೆ ಬೇಕು ಅದು? ಆಸ್ಪತ್ರೆಯಿಂದ ಬಂದು ಬಾಗಿಲಲ್ಲಿ ಊರುಗೋಲು ಒರಗಿಸಿ ಕೂತಿದ್ದ ಮುನಿಯಮ್ಮ ಅಲ್ಲಿಂದಲೇ ಹೇಳಿದಳು: "ಹಾಕ್ಸ್ಕೊ ಸ್ವಾಮಿ. ಮೊದಲ್ನೇ ಟ್ರಿಪ್ಪಿಗೆ ನಿನ್ ಹೆಂಡ್ರು ಮಕ್ಳನ್ನ ಹಿಂದ್ಗಡೆ ಕೂರ್ಸು."

ರಂಗಸ್ವಾಮಿ ಪಿಸ್ಟನ್ ಎತ್ತಿಕೊಂಡು ಹೋದರು. ಬೇರೆ ಕಡೆ ಮಾಡಿಸುತ್ತಾರೆ, ಅದು ಪರಮಶಿವಯ್ಯನವರಿಗೂ ಗೊತ್ತು. ಮೊದಲು ವಾರಕ್ಕೆ ಐದು ಬ್ಲಾಕ್ ಬರುತ್ತಿದ್ದವು, ಈಗ ಒಂದು ಬಂದರೆ ಪುಣ್ಯ. ಬಂದ ಒಂದನ್ನು ಮಾತ್ರ ಅವರು ಬಿಡುವುದಿಲ್ಲ. ಎಂಜಿನ್ ಮುಚ್ಚುವ ದಿನ ತಾವೇ ಗ್ಯಾರೇಜಿಗೆ ಹೋಗಿ, ಪ್ರತಿ ಬೋಲ್ಟಿಗೂ ಅದು ಕೂತ ಕಬ್ಬಿಣಕ್ಕೂ ಸೇರಿಸಿ ಕೆಂಪು ಬಣ್ಣದ ಒಂದು ಬೊಟ್ಟು ಇಡುತ್ತಾರೆ. ಆಮೇಲೆ ಪಿಸ್ಟನ್ ಬದಲಿಸಲೆಂದು ಯಾರಾದರೂ ಬಿಚ್ಚಿದರೆ ಬೊಟ್ಟು ಎರಡಾಗಿ ಒಡೆಯುತ್ತದೆ.

"ಸನ್ಮಾನ ಗಿನ್ಮಾನ ನಂಗೆ ಬ್ಯಾಡ. ಆ ವರದಿ ಕಾಗ್ದದಲ್ಲಿ ಒಂದು ಸಾಲು ತಿದ್ಲಿ. ಇನ್ನೊಂದು ಜೀಪು ಮಗುಚೋಕ್ಕಿಂತ ಮುಂಚೆ ತಿದ್ಲಿ" ಎನ್ನುತ್ತಾರೆ.

ಹನ್ನೊಂದಕ್ಕೆ ಹಾನುಬಾಳಿಗೆ ಹೋಗುವ, ಪರಮಶಿವಯ್ಯನವರೇ ಬೋರ್ ಮಾಡಿದ ಜೀಪೊಂದು ಬಂದು ನಿಲ್ಲುತ್ತದೆ. ಮುನಿಯಮ್ಮ ಹತ್ತುವುದಿಲ್ಲ. ಬಾನೆಟ್ ಎತ್ತು ಎನ್ನುತ್ತಾಳೆ. ಡ್ರೈವರ್ ಗೊಣಗುತ್ತಾ ಎತ್ತುತ್ತಾನೆ. ಆಕೆ ಊರುಗೋಲಿನ ಮೇಲೆ ಬಾಗಿ ಕೆಂಪು ಬೊಟ್ಟುಗಳನ್ನು ಒಂದೊಂದಾಗಿ ನೋಡುತ್ತಾಳೆ. "ಒಡೆದಿಲ್ಲ. ನಡಿ" ಎಂದು ಹಿಂದೆ ಹತ್ತಿ ಕೂರುತ್ತಾಳೆ.

ಪರಮಶಿವಯ್ಯ ಶೆಡ್ಡಿನ ಬಾಗಿಲಲ್ಲಿ ನಿಂತು ಕೈ ಒರೆಸಿಕೊಳ್ಳುತ್ತಾರೆ. "ಆ ಸರ್ವೇಯರ್ ಸಾಹೇಬ್ರೂ ಇಷ್ಟು ಹೊತ್ತು ನೋಡಿದ್ರೆ ಸಾಕಾಗಿತ್ತು."