ಮೂರನೆಯ ಪ್ಲಗ್ಗಿನ ಕುಂಕುಮ

ನನ್ನ ಮೂಗಿನ ಬಗ್ಗೆ ನನಗೆ ಬಹಳ ಹೆಮ್ಮೆಯಿತ್ತು. ಎಂಜಿನ್ನಿನ ಸದ್ದು ಕೇಳಿ ರೋಗ ಹೇಳುವ ಮಿಸ್ತ್ರಿಗಳು ಆಗ ಹುಬ್ಬಳ್ಳಿಯಲ್ಲಿ ಇಲ್ಲದಿರಲಿಲ್ಲ. ವಾಸನೆ ಹಿಡಿದು ಹೇಳುವವನು ಮಾತ್ರ ನಾನೊಬ್ಬನೇ ಎಂದು ನಾನೂ ನಂಬಿದ್ದೆ, ಬೇರೆಯವರನ್ನೂ ನಂಬಿಸಿದ್ದೆ. ಅದೇ ಮೂಗನ್ನು ನಂಬಿ ಒಬ್ಬ ಒಳ್ಳೆಯ ಮನುಷ್ಯನ ಅನ್ನಕ್ಕೆ ಕಲ್ಲು ಹಾಕಿದೆ. ಬರೆಯದೆ ಬಿಟ್ಟರೆ ಯಾರೂ ಕೇಳುವುದಿಲ್ಲ, ನಿಜ. ಆದರೆ ಮಳೆ ಹಿಡಿದ ದಿನಗಳಲ್ಲಿ ನೆನಪಾಗುತ್ತದೆ, ನೆನಪಾದರೆ ಊಟ ಸೇರುವುದಿಲ್ಲ.

ಎರಡನೆಯ ಮಹಾಯುದ್ಧದ ಕಾಲ. ಕೇಶ್ವಾಪುರದ ಕಡೆ ಒಂದು ತಗಡಿನ ಶೆಡ್ಡಿನಲ್ಲಿ ನನ್ನ ರಿಪೇರಿ ಕೆಲಸ. ಪೆಟ್ರೋಲು ಕೂಪನ್ನಿನ ಮೇಲೆ ಸಿಗುತ್ತಿತ್ತು, ಅದೂ ಸಿಕ್ಕರೆ. ಡ್ರೈವರುಗಳು ಟಾಕಿಯಿಂದ ಪೆಟ್ರೋಲು ಇಳಿಸಿ ಮಾರಿಕೊಂಡು, ಬದಲಿಗೆ ಚಿಮಣಿ ಎಣ್ಣೆ, ಅಂದರೆ ಸೀಮೆಎಣ್ಣೆ, ಸುರಿಯುತ್ತಾರೆ ಎಂಬ ಗುಸುಗುಸು ಎಲ್ಲ ಕಡೆ ಇತ್ತು. ಚಿಮಣಿ ಎಣ್ಣೆಯೂ ಸುಲಭವಾಗಿ ಸಿಗುತ್ತಿರಲಿಲ್ಲ, ಆದರೆ ಪೆಟ್ರೋಲಿನಷ್ಟು ಬರ ಅದಕ್ಕಿರಲಿಲ್ಲ. ಮಾಲಕರಿಗೆ ಡ್ರೈವರುಗಳ ಮೇಲೆ ನಂಬಿಕೆ ಹೋಗಿತ್ತು. ಯಾವ ಗಾಡಿ ಕೆಮ್ಮಿದರೂ ಮೊದಲು ಡ್ರೈವರನ ಮುಖ ನೋಡುತ್ತಿದ್ದರು.

ನಾನು ಹೇಳುತ್ತಿರುವ ಗಾಡಿ ಹತ್ತಿ, ಶೇಂಗಾ ವ್ಯಾಪಾರದ ಒಬ್ಬ ಸಾವಕಾರರದು. ಹಿಂಭಾಗದಲ್ಲಿ ತೆರೆದ ಪೆಟ್ಟಿಗೆಯಿದ್ದ ಸಣ್ಣ ಲಾರಿ, ಆಗಲೇ ಮುದಿಯಾಗಿತ್ತು. ಅದನ್ನು ಹೊಸದಿದ್ದಾಗಿನಿಂದ ಓಡಿಸುತ್ತಿದ್ದವರು ಹಳೇ ಹುಬ್ಬಳ್ಳಿಯ ಒಬ್ಬ ಮುಸಲ್ಮಾನ ಡ್ರೈವರು. ನಾವೆಲ್ಲ ಅವರನ್ನು ಚಾಚಾ ಎನ್ನುತ್ತಿದ್ದೆವು. ಧಾರವಾಡದಿಂದ ಮರಳುವಾಗ ಒಮ್ಮೊಮ್ಮೆ ಪೇರಲ ಹಣ್ಣು ತಂದು ನನ್ನ ಹತಾರುಗಳ ಪಕ್ಕದಲ್ಲಿ ಇಟ್ಟು ಹೋಗುತ್ತಿದ್ದರು. ಮಾತು ಕಡಿಮೆ. ಗಾಡಿಗೆ ಮಾತ್ರ ದಾರಿಯುದ್ದಕ್ಕೂ ಏನೋ ಹೇಳುತ್ತ ಬರುತ್ತಿದ್ದರಂತೆ.

ಆ ವರ್ಷ ಸಾವಕಾರರು ವಿಷಮಜ್ವರದಿಂದ ಎರಡು ತಿಂಗಳು ಹಾಸಿಗೆ ಹಿಡಿದು, ಮಹಾನವಮಿಯ ಹೊತ್ತಿಗೆ ಎದ್ದು ಕೂತಿದ್ದರು. ಖಂಡೇ ಪೂಜೆಗೆ ನನ್ನನ್ನೂ ಕರೆದಿದ್ದರು. ನಮ್ಮಲ್ಲಿ ಆ ದಿನ ತಕ್ಕಡಿಯಿಂದ ಹಿಡಿದು ಕುಡಗೋಲಿನವರೆಗೆ ಕೈಗೆ ಅನ್ನ ಕೊಡುವ ಎಲ್ಲದಕ್ಕೂ ಪೂಜೆ. ಲಾರಿಯ ಬಾನೆಟ್ ತೆಗೆದೆ. ಸಾವಕಾರರ ಹೆಂಡತಿ ನೀರಲ್ಲಿ ಕಲಸಿದ ಕುಂಕುಮ ಹಿಡಿದು, ಎಂಜಿನ್ನಿಗೆ ಕಿಡಿ ಕೊಡುವ ನಾಲ್ಕೂ ಪ್ಲಗ್ಗುಗಳ ಬಿಳಿ ಪಿಂಗಾಣಿಗೆ ಒಂದೊಂದು ಬೊಟ್ಟು ಇಡುತ್ತ ಬಂದರು. ಮೂರನೆಯದಕ್ಕೆ ಬಂದಾಗ ಗಂಡನ ಕಡೆ ನೋಡಿದರು, ಅಳು ಬಂತು, ಬೆರಳು ಅಲ್ಲೇ ನಿಂತಿತು. ಕುಂಕುಮ ಪಿಂಗಾಣಿಯ ಮೇಲಿನಿಂದ ಬುಡದ ಕಬ್ಬಿಣದವರೆಗೆ ಇಳಿಯಿತು. ನಾವೆಲ್ಲ ಕೈ ಮುಗಿದುಕೊಂಡು ನಿಂತಿದ್ದೆವು, ಚಾಚಾ ಸ್ವಲ್ಪ ಹಿಂದೆ ತಲೆ ತಗ್ಗಿಸಿ ನಿಂತಿದ್ದರು.

ವಾರದ ಮೇಲೆ ಮಳೆ ಹಿಡಿಯಿತು. ಒಂದು ಮುಂಜಾನೆ ಚಾಚಾ ಗಾಡಿಯನ್ನು ಕುಂಟಿಸುತ್ತ ಶೆಡ್ಡಿಗೆ ತಂದರು. ಪಕ್ಕದಲ್ಲಿ ಸಾವಕಾರರು ಕಿವಿಗೆ ಮಫ್ಲರ್ ಸುತ್ತಿಕೊಂಡು ಕುಳಿತಿದ್ದರು. ಉಣಕಲ್ ಕೆರೆ ದಾಟಿ ಏರು ಹತ್ತುವಾಗ ಎಂಜಿನ್ ಮಿಸ್ಸಿಂಗ್ ಹೊಡೆದು, ಅಂದರೆ ಬಡಿತ ತಪ್ಪಿ, ನಿಂತಿತಂತೆ. ಶೇಂಗಾ ಚೀಲಗಳು ಅಲ್ಲೇ ತೊಯ್ದವಂತೆ. ಸಾವಕಾರರ ಮುಖ ಗಂಟಿಕ್ಕಿತ್ತು.

ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದು ಬಂದೆ. ಇನ್ನೊಂದು ಗಾಡಿಯ ಬಿಚ್ಚಿದ ಭಾಗಗಳನ್ನು ಬೋಗುಣಿಯಲ್ಲಿ ಚಿಮಣಿ ಎಣ್ಣೆ ಹಾಕಿ ತಿಕ್ಕುತ್ತಿದ್ದೆ. ಮೊಣಕೈವರೆಗೆ ಎಣ್ಣೆ. ಹಾಗೇ ಚೊಣ್ಣಕ್ಕೆ ಒರೆಸಿಕೊಂಡು ಕಟ್ಟಿಗೆಯ ಹಿಡಿಯ ಸ್ಕ್ರೂಡ್ರೈವರ್ ಹಿಡಿದೆ. ಎಂಜಿನ್ ಓಡುತ್ತಿರುವಾಗ ಪ್ಲಗ್ಗಿನ ತಲೆಗೂ ಎಂಜಿನ್ನಿನ ಮೈಗೂ ಅದನ್ನು ತಾಗಿಸಿದರೆ ಆ ಸಿಲಿಂಡರಿನ ಕಿಡಿ ಸಾಯುತ್ತದೆ, ಸದ್ದು ಇಳಿಯುತ್ತದೆ. ಸದ್ದು ಇಳಿಯದಿದ್ದರೆ ಆ ಸಿಲಿಂಡರು ಮೊದಲೇ ಸತ್ತಿದೆ ಎಂದು ಅರ್ಥ. ಒಂದು, ಎರಡು, ನಾಲ್ಕರಲ್ಲಿ ಸದ್ದು ಇಳಿಯಿತು. ಮೂರರಲ್ಲಿ ಏನೂ ಆಗಲಿಲ್ಲ.

ಪಾನಾ ಹಾಕಿ ಮೂರನೆಯ ಪ್ಲಗ್ಗು ತೆಗೆದೆ. ಕೆಳತುದಿ ಕಾಡಿಗೆಯಂತೆ ಕಪ್ಪು, ಒದ್ದೆ. ಮೂಗಿನ ಹತ್ತಿರ ತಂದೆ. ಚಿಮಣಿ ಎಣ್ಣೆ ಗಪ್ಪನೆ ಬಡಿಯಿತು.

"ಪೆಟ್ರೋಲದಾಗ ಚಿಮಣಿ ಎಣ್ಣಿ ಕೂಡೇತ್ರಿ ಸಾವಕಾರ್ರ," ಅಂದೆ.

ಎಷ್ಟು ಸಲೀಸಾಗಿ ಅಂದೆ! ಒಂದು ಸಲ ಟಾಕಿಯ ಮುಚ್ಚಳ ತೆಗೆದು ನೋಡುವಷ್ಟು ಪುರುಸೊತ್ತು ನನಗಿರಲಿಲ್ಲ. ಸಾವಕಾರರು ಚಾಚಾನ ಕಡೆ ತಿರುಗಿದರು.

"ನಾ ಹಾಕಿಲ್ರಿ," ಅಂದರು ಚಾಚಾ. "ಇಷ್ಟು ವರ್ಷದಾಗ ಒಂದ ಹನಿ ಹಾಕಿಲ್ರಿ."

"ಮಿಸ್ತ್ರಿ ಸುಳ್ಳ ಹೇಳತಾನೇನು? ನಾ ಹಾಸಿಗ್ಯಾಗ ಬಿದ್ದಾಗ ಏನೇನು ನಡಿಸೀಯೋ ಏನೋ." ಸಾವಕಾರರಿಗೆ ಜ್ವರದ ನಿಶ್ಶಕ್ತಿ ಇನ್ನೂ ಇತ್ತು, ದನಿ ನಡುಗುತ್ತಿತ್ತು. "ಹ್ಯಾಂಡಲ್ ಇಲ್ಲೇ ಇಟ್ಟು ಹೋಗು."

ಎಂಜಿನ್ ತಿರುಗಿಸಿ ಚಾಲು ಮಾಡುವ ಆ ಕಬ್ಬಿಣದ ಹ್ಯಾಂಡಲನ್ನು ಚಾಚಾ ನನ್ನ ಹತಾರುಗಳ ಪಕ್ಕದಲ್ಲಿಟ್ಟು ಮಳೆಯಲ್ಲೇ ನಡೆದು ಹೋದರು. ನನಗೆ ಕೆಡುಕೆನಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಕೆಡುಕಿಗಿಂತ ಜಂಬವೇ ಹೆಚ್ಚಿತ್ತು. ಪ್ಲಗ್ಗಿನ ಮೇಲಿನ ಕುಂಕುಮಕ್ಕೆ ಕೈ ತಾಗದಂತೆ ಬುಡವನ್ನು ಎರಡು ಬೆರಳಲ್ಲಿ ಹಿಡಿದು, ಕೆಳತುದಿಯನ್ನಷ್ಟೇ ಕೆರೆದು ಶುದ್ಧ ಮಾಡಿ ತಿರುಗಿ ಹಾಕಿದೆ. ಮುತ್ತೈದೆ ಹಚ್ಚಿದ ಕುಂಕುಮ, ಅದೂ ಸಾವಿನ ಬಾಗಿಲಿಂದ ಎದ್ದು ಬಂದ ಗಂಡನಿಗಾಗಿ ಹಚ್ಚಿದ್ದು. ಅದನ್ನು ಯಾರು ಒರೆಸುತ್ತಾರೆ?

ಎಂಜಿನ್ ಬಿಸಿಯಾಗಿ ನೆಟ್ಟಗೆ ಓಡಿತು. ಮರುದಿನದಿಂದ ಬಿಸಿಲು ಬಿತ್ತು, ಲಾರಿ ದಿನಾ ಧಾರವಾಡಕ್ಕೆ ಹೋಗಿ ಬಂತು. ಡ್ರೈವರ್ ಬದಲಾದ, ಗಾಡಿ ಸುಧಾರಿಸಿತು, ಇನ್ನೇನು ಸಾಕ್ಷಿ ಬೇಕು? ನನ್ನ ಮೂಗಿನ ಹೆಸರು ಪೇಟೆಯಲ್ಲಿ ಇನ್ನಷ್ಟು ಹಬ್ಬಿತು. ಚಾಚಾನ ಹೆಸರೂ ಹಬ್ಬಿತು. ಎಣ್ಣೆ ಕಳ್ಳ ಎಂದು ಯಾರೂ ಅವರ ಕೈಗೆ ಗಾಡಿ ಕೊಡಲಿಲ್ಲ.

ದೀಪಾವಳಿಗೆ ಮುಂಚೆ ಒಂದು ದಿನ ದಟ್ಟ ಮಂಜು. ಹೊಸ ಡ್ರೈವರು ಅದೇ ಲಾರಿಯನ್ನು ಅದೇ ಕುಂಟು ನಡಿಗೆಯಲ್ಲಿ ತಂದ. ಮತ್ತೆ ಮೂರನೆಯದೇ ಸತ್ತಿತ್ತು. ನಾನು ಸಿಟ್ಟಿನಿಂದ ಈ ಸಲ ಟಾಕಿಯ ಮುಚ್ಚಳ ತೆಗೆದೆ. ಶುದ್ಧ ಪೆಟ್ರೋಲು. ಉಳಿದ ಮೂರು ಪ್ಲಗ್ಗು ತೆಗೆದು ನೋಡಿದೆ, ಮೂರೂ ಒಣಗಿ ಬಿಸ್ಕತ್ತಿನ ಬಣ್ಣಕ್ಕಿದ್ದವು. ಟಾಕಿಯಲ್ಲಿ ಚಿಮಣಿ ಎಣ್ಣೆ ಇದ್ದಿದ್ದರೆ ಅದು ನಾಲ್ಕು ಸಿಲಿಂಡರಿಗೂ ಹೋಗಬೇಕಲ್ಲ! ಒಂದೇ ಪ್ಲಗ್ಗು ಹೇಗೆ ಕಪ್ಪಾದೀತು? ಇಷ್ಟು ಸಣ್ಣ ಲೆಕ್ಕ ನನ್ನಂಥ ಜಾಣನಿಗೆ ಅಂದು ಹೊಳೆದಿರಲಿಲ್ಲ.

ಪ್ಲಗ್ಗುಗಳನ್ನು ತಿರುಗಿ ಹಾಕಿ, ಎಂಜಿನ್ ಓಡಿಸಲು ಹೇಳಿ, ಕತ್ತಲು ಮಾಡಿಕೊಳ್ಳಲು ಗೋಣಿತಾಟನ್ನು ತಲೆಯ ಮೇಲೂ ಎಂಜಿನ್ನಿನ ಮೇಲೂ ಎಳೆದುಕೊಂಡು ಬಗ್ಗಿದೆ. ಮೂರನೆಯ ಪಿಂಗಾಣಿಯ ಮೇಲೆ, ಕುಂಕುಮ ಇಳಿದ ಗೆರೆಯ ಗುಂಟ, ನೀಲಿ ಎಳೆಯೊಂದು ಮೇಲಿನಿಂದ ಬುಡಕ್ಕೆ ಹರಿಯುತ್ತಿತ್ತು. ಹಸಿ ಹೀರಿದ ಕುಂಕುಮವೇ ದಾರಿಯಾಗಿ ಕಿಡಿ ಹೊರಗಿನಿಂದಲೇ ಕಬ್ಬಿಣಕ್ಕೆ ಇಳಿದುಹೋಗುತ್ತಿತ್ತು. ಬಿಸಿಲಿಗೆ, ಎಂಜಿನ್ನಿನ ಬಿಸಿಗೆ ಕುಂಕುಮ ಒಣಗಿದಾಗ ಆ ದಾರಿ ಮುಚ್ಚಿಹೋಗಿ ಗಾಡಿ ನೆಟ್ಟಗೆ ಓಡುತ್ತಿತ್ತು. ಒಳಗೆ ಕಿಡಿಯಿಲ್ಲದೆ ಪೆಟ್ರೋಲು ಸುಡದೆ ಪ್ಲಗ್ಗು ಒದ್ದೆಯಾಗಿ ಕಪ್ಪಾಗಿತ್ತು. ಅಂದು ನಾನು ಮೂಸಿದ್ದು ನನ್ನ ಕೈಯನ್ನು.

ಎಂಜಿನ್ ನಿಲ್ಲಿಸಿ, ಒಣ ಅರಿವೆ ತೆಗೆದುಕೊಂಡು, ಕಣ್ಣು ಮುಚ್ಚಿ ಆ ಕುಂಕುಮ ಒರೆಸಿದೆ. ತಿರುಗಿ ಹ್ಯಾಂಡಲ್ ಹೊಡೆದಾಗ ನಾಲ್ಕೂ ಸಿಲಿಂಡರು ಸರಿಯಾಗಿ ಓಡಿದವು. ಹೊಸ ಡ್ರೈವರು "ಭಾರಿ ಮಿಸ್ತ್ರಿ ಬಿಡ್ರಿ ನೀವು" ಎಂದು ಹೊಗಳಿದ. ಅವನ ಬಾಯಿಗೆ ಆ ಅರಿವೆ ತುರುಕಬೇಕೆನಿಸಿತು.

ಚಾಚಾನ ಮನೆ ಹುಡುಕಿಕೊಂಡು ಹೋದೆ. ಅವರು ಅಳಿಯನ ಅಂಗಡಿಯಲ್ಲಿ ಗಾದಿಗೆ ಹತ್ತಿ ಹಿಂಜುತ್ತ ಕುಳಿತಿದ್ದರು. ಮೀಸೆ, ಹುಬ್ಬು, ಟೊಪ್ಪಿಗೆ ತುಂಬ ಹತ್ತಿಯ ಧೂಳು, ಕೆಮ್ಮು ಬೇರೆ. ನಾನು ನಿಂತುಕೊಂಡೇ ಎಲ್ಲ ಹೇಳಿದೆ. ಅವರು ಕೆಲಸ ನಿಲ್ಲಿಸಲಿಲ್ಲ.

"ನನಗ ಅನುಮಾನ ಇತ್ತು, ತಮ್ಮಾ," ಅಂದರು. "ಮಳ್ಯಾಗಷ್ಟ ಹಟ ಮಾಡತಿತ್ತು."

"ಮತ್ತ್ ಯಾಕ ಒರಸಲಿಲ್ರಿ ಚಾಚಾ? ಯಾಕ ಹೇಳಲಿಲ್ರಿ?"

"ಆ ತಾಯಿ ಗಂಡನ ಸಲುವಾಗಿ ಅತ್ಕೋತ ಹಚ್ಚಿದ ಕುಂಕುಮ. ನಾ ಮುಸಲ್ಮಾನ. ನನ್ನ ಕೈಲೆ ಒರಸಿ, ನಾಳಿ ಸಾವಕಾರ್ರಿಗೆ ಮತ್ತ ಜ್ವರ ಬಂದ್ರ, ಯಾರ ಹೆಸರ ಬರತೈತಿ ಹೇಳು? ನೀ ಒರಸಬಹುದಿತ್ತು."

ಸಾವಕಾರರಿಗೆ ಎಲ್ಲ ಹೇಳುತ್ತೇನೆ ಅಂದೆ. ಕುಂಕುಮದ ಮಾತು ಮಾತ್ರ ಎತ್ತಬೇಡ, ಆ ತಾಯಿ ನೊಂದುಕೊಳ್ಳುತ್ತಾರೆ ಎಂದರು. ಆ ಮನೆಯವರು ಕಳ್ಳನೆಂದು ಹೊರಗೆ ಹಾಕಿದ್ದರೂ ಅವರಿಗೆ ಆ ಚಿಂತೆ.

ಅಂದೇ ಸಾವಕಾರರ ಮುಂದೆ ನಿಂತು, ಪ್ಲಗ್ಗು ಹಸಿಯಾಗಿತ್ತು, ಎಣ್ಣೆಯ ವಾಸನೆ ನನ್ನ ಕೈಯದಾಗಿತ್ತು, ತಪ್ಪು ನನ್ನದು ಎಂದೆ. ಬೈದರೆ ಬೈಯಿಸಿಕೊಳ್ಳೋಣ ಎಂದುಕೊಂಡಿದ್ದೆ, ಅವರು ಬೈಯಲಿಲ್ಲ. "ನಾಳಿಂದ ಬರಾಕ ಹೇಳು ಅವಗ," ಅಂದರು. ತಪ್ಪಾಯಿತು ಎಂಬ ಮಾತನ್ನು ಅವರಿಂದ ಚಾಚಾ ಕೇಳಲಿಲ್ಲ. ಕುಂಕುಮ ಒರೆಸಿದ್ದಕ್ಕೆ ಸಾವಕಾರರಿಗೆ ಏನೂ ಆಗಲಿಲ್ಲ, ಚೆನ್ನಾಗಿಯೇ ಬದುಕಿದರು.

ಚಾಚಾ ಮರಳಿ ಬಂದರು. ಮೊದಲ ಸಲ ಗಾಡಿಯನ್ನು ಶೆಡ್ಡಿಗೆ ತಂದ ದಿನ, ನಾನು ಬಾನೆಟ್ಟಿಗೆ ಕೈ ಹಾಕುವ ಮೊದಲೇ ಟಾಕಿಯ ಮುಚ್ಚಳ ತೆಗೆದು ಪಕ್ಕಕ್ಕೆ ಸರಿದು ನಿಂತರು.

"ಮೂಸಿ ನೋಡಪಾ."

"ಚಾಚಾ, ಬ್ಯಾಡ್ರಿ."

"ನೋಡು. ಆಮ್ಯಾಲೆ ಕೆಲಸ ಸುರು ಮಾಡು."

ಹಂಗಿಸುವ ದನಿಯಲ್ಲ. ಸಿಟ್ಟೂ ಇರಲಿಲ್ಲ. ಸಿಟ್ಟಿದ್ದರೆ ನಾನು ಕಾಲು ಹಿಡಿಯುತ್ತಿದ್ದೆ. ಬಗ್ಗಿ ಮೂಸಿ, "ಪೆಟ್ರೋಲ ಐತ್ರಿ," ಅಂದೆ. ಅವರು ಮುಚ್ಚಳ ಹಾಕಿದರು. ಬ್ರೇಕಿನ ಕೆಲಸಕ್ಕೆ ಬರಲಿ, ಸ್ಪ್ರಿಂಗ್ ಪಾಟಿಗೆ ಬರಲಿ, ಆ ಲಾರಿ ಗುಜರಿಗೆ ಹೋಗುವವರೆಗೂ ಪ್ರತಿ ಸಲ ಚಾಚಾ ಮೊದಲು ಮುಚ್ಚಳ ತೆಗೆದರು, ನಾನು ಬಗ್ಗಿ ಮೂಸಿದೆ.