ಮಾವನ ತೋಳು, ಮೂರು ಗಂಟೆಯ ನೀರು

ಗೆಳೆಯರೇ, ಇವತ್ತು ನಮ್ಮ ಸೋದರಮಾವ ಡಾಕ್ಟರಿಗೇ ಸುಳ್ಳು ಹೇಳಿದ. ಹಿಡಿದುಕೊಟ್ಟವನು ನಾನೇ.

ಬೆಳಿಗ್ಗೆ ಕಾಲುವೆಯ ಪಾಚಿಯಲ್ಲಿ ಜಾರಿ ಅವನ ಭುಜದ ಕೀಲು ತಪ್ಪಿತ್ತು. ಆಟೋದಲ್ಲಿ ಶಹಾಪುರಕ್ಕೆ ಕರೆದೊಯ್ದೆ. ಡಾಕ್ಟರಮ್ಮ ನಾಡಿ ನೋಡಿ, ತೋಳಿನ ಹೊರಬದಿಯನ್ನು ಹತ್ತಿಯಿಂದ ಸವರಿದರು. “ಮುಟ್ಟಿದ್ದು ಗೊತ್ತಾಗ್ತೈತೇನ್ರಿ? ಜೋಮು ಹಿಡದಿದ್ರ ನರಕ್ಕ ಪೆಟ್ಟಾಗಿರ್ತೈತಿ.”

“ಎಲ್ಲಾ ಗೊತ್ತಾಗ್ತೈತ್ರಿ. ಲಗೂನ ಕೂಡ್ಸಿ ಕಳಸ್ರಿ.”

ಮೂರು ಗಂಟೆಗೆ ಅವನ ಗದ್ದೆಗೆ ಕಾಲುವೆ ನೀರಿನ ಪಾಳಿ. ತಪ್ಪಿದರೆ ವಾರ ಕಾಯಬೇಕು. ಆದರೂ ನನಗೆ ಸುಮ್ಮನಿರಲಾಗಲಿಲ್ಲ.

“ಸುಳ್ಳ್ರಿ ಅಕ್ಕಾರ. ಆಟೋದಾಗ ಅಲ್ಲೇ ಚಿವುಟಿದ್ರೂ ಇವಂಗ ಗೊತ್ತಾಗಿಲ್ಲ. ಕಣ್ಣು ಮುಚ್ಚಿಸಿ ಕೇಳ್ರಿ.”

ಡಾಕ್ಟರಮ್ಮ ಅವನ ಕಣ್ಣು ಮುಚ್ಚಿಸಿ, ಮುಟ್ಟದೆಯೇ “ಈಗ?” ಎಂದರು.

“ಹೂನ್ರಿ, ಛಲೋ ಗೊತ್ತಾತು!” ಎಂದ ಮಾವ.

ಎಕ್ಸ್‌ರೇ ತೆಗೆದು, ಇಂಜೆಕ್ಷನ್ ಕೊಟ್ಟು, ನಿಧಾನವಾಗಿ ಕೀಲು ಕೂಡಿಸಿದರು. ಮತ್ತೆ ಕಣ್ಣು ಮುಚ್ಚಿಸಿ ಸವರಿದಾಗ, “ಇರುವಿ ಹರದಂಗ ಆತ್ರಿ” ಎಂದ. ಈ ಸಲ ನಿಜ. ಜೋಮು ಪೂರ್ತಿ ಬಿಡಲು ಕೆಲವು ವಾರ ಬೇಕಂತೆ, ಇವತ್ತು ಸಂಜೆತನಕ ಅಲ್ಲೇ ಮಲಗಬೇಕಂತೆ.

“ಸಾಲಿ ಬಿಟ್ಟ ಹರಿಶ್ಚಂದ್ರ, ನನ್ನ ನೀರು ನಿಮ್ಮಪ್ಪ ಹಾಯಿಸ್ತಾನೇನಲೇ?” ಎಂದು ಶಾಲೆ ಅರ್ಧಕ್ಕೇ ಬಿಟ್ಟ ನನ್ನನ್ನು ಮಾವ ಬೈದ.

ಅಪ್ಪ ಸುರಪುರಕ್ಕೆ ಹೋಗಿದ್ದಾನೆ. ಹಾಗಾಗಿ ಮೊಣಕಾಲುದ್ದ ಕೆಸರಿನಲ್ಲಿ ಸಲಿಕೆ ಊರಿಕೊಂಡು ಫೋನಿನಲ್ಲಿ ಇದನ್ನು ಬರೆಯುತ್ತಿರುವ ಹರಿಶ್ಚಂದ್ರ ನಾನೇ.