ಮಹಡಿಯ ಕೋಣೆಯ ರೂತ್ ಆಂಟಿ

ಹಾಲು ಹಾಕದ ಕಾಫಿಯ ವಾಸನೆ. ಕೊಡಿಯಾಲ್‌ಬೈಲಿನಲ್ಲಿ ನಮ್ಮ ಮನೆಯಿದ್ದ ಜಾಗದಲ್ಲಿ ಈಗ ಅಪಾರ್ಟ್‌ಮೆಂಟ್, ಅದರ ಕೆಳಗೊಂದು ಕಾಫಿ ಅಂಗಡಿ. ಮೊನ್ನೆ ರಸ್ತೆ ದಾಟಲು ನಿಂತಿದ್ದಾಗ ಅಂಗಡಿಯ ಗಾಜಿನ ಬಾಗಿಲು ತೆರೆಯಿತು, ಆ ಕಹಿಯಾದ, ತುಸು ಸುಟ್ಟಂಥ ವಾಸನೆ ಹೊರಗೆ ಬಂತು, ಅದರ ಹಿಂದೆಯೇ ಹಂಚಿನ ಮಾಡು, ಕೆಂಪು ಸಿಮೆಂಟಿನ ನೆಲ, ಮಹಡಿಗೆ ಹತ್ತುವ ಮರದ ಮೆಟ್ಟಿಲು ಎಲ್ಲ ಒಟ್ಟಿಗೆ ಎದ್ದು ನಿಂತವು. ಇಷ್ಟು ಸಲೀಸಾಗಿ ಬರುವ ನೆನಪನ್ನು ನಾನು ನಂಬುವುದಿಲ್ಲ. ಮೆಟ್ಟಿಲು ಮರದ್ದೇ ಆಗಿತ್ತೇ? ಕೆಂಪು ನೆಲ ಮಮ್ಮಿಯ ತಂಗಿ ಮಾವ್ಶಿಯ ಮನೆಯದಲ್ಲವೇ? ಕಾಫಿ ಮಾತ್ರ ಖಂಡಿತ ರೂತ್ ಆಂಟಿಯದು. ನಮ್ಮಲ್ಲಿ ಬೇರೆ ಯಾರೂ ಅದನ್ನು ಹಾಗೆ ಕುಡಿಯುತ್ತಿರಲಿಲ್ಲ.

ರೂತ್ ಆಂಟಿ ಅಮೆರಿಕದವರು, ಕವಿ. ಸಣ್ಣ ವಯಸ್ಸಿನಲ್ಲೇ ಎರಡು ಸಂಕಲನ ತಂದು ಹೆಸರು ಮಾಡಿ, ಆಮೇಲೆ ಬಹಳ ವರ್ಷ ಅಲ್ಲಿನ ಕಾಲೇಜುಗಳಲ್ಲಿ ಕವಿತೆ ಬರೆಯುವುದನ್ನು ಕಲಿಸುತ್ತಿದ್ದವರು. ಇಲ್ಲಿನ ಒಂದು ಕಾಲೇಜಿಗೆ ವರ್ಷದ ಮಟ್ಟಿಗೆ ಅದೇ ಕೆಲಸಕ್ಕೆಂದು ಬಂದು ನಮ್ಮ ಮಹಡಿಯ ಕೋಣೆ ಬಾಡಿಗೆಗೆ ಹಿಡಿದರು; ವರ್ಷ ಮುಗಿದರೂ ಹೋಗಲಿಲ್ಲ. ಡ್ಯಾಡಿ ಕುವೈತಿನಲ್ಲಿದ್ದರು. ಮನೆಯಲ್ಲಿ ಮಮ್ಮಿ, ಅಣ್ಣ, ನಾನು, ಮತ್ತೆ ಡ್ಯಾಡಿಯ ತಾಯಿ, ನಮ್ಮ ವ್ಹಡ್ಲಿಮಾಂಯ್. ಆಂಟಿಯ ಉದ್ಯೋಗ ವ್ಹಡ್ಲಿಮಾಂಯ್‌ಗೆ ಕೊನೆವರೆಗೂ ತಲೆಗೆ ಹೋಗಲಿಲ್ಲ. "ಬರೆಯಲಿಕ್ಕೆ ಕಲಿಸುವುದಾ? ಕಾಲೇಜಿಗೆ ಹೋಗುವವರಿಗೆ? ಹಾಗಾದ್ರೆ ನನ್ನ ಸೊಸೆ ಒಂದನೇ ಕ್ಲಾಸಿನಲ್ಲಿ ಎಂತ ಕಲಿಸಿದ್ದು?" ಮಮ್ಮಿ ಪ್ರೈಮರಿ ಶಾಲೆಯ ಟೀಚರ್; ಮಗು ತಡವರಿಸಿದರೆ ಉತ್ತರದ ಅರ್ಧ ತಾನೇ ಹೇಳಿಬಿಡುವ ಟೀಚರ್. ಆಂಟಿಯದು ತದ್ವಿರುದ್ಧ. ಶನಿವಾರ ಮಹಡಿಯ ಚಾಪೆಯ ಮೇಲೆ ಕೂರುವ ಅವರ ವಿದ್ಯಾರ್ಥಿಗಳಿಗೆ ಒಂದೇ ಕಟ್ಟಳೆ: ಮಾತಿನ ನಡುವೆ ಒಬ್ಬರಿಗೆ ಪದ ಸಿಗದೆ ನಿಂತರೆ ಬೇರೆ ಯಾರೂ ಎತ್ತಿಕೊಡಬಾರದು. ಕಾಯಬೇಕು. ಫ್ಯಾನ್ ತಿರುಗುತ್ತಿತ್ತು, ನಿಂತವನು ಬೆವರುತ್ತಿದ್ದ, ಆಂಟಿ ಕಾಫಿ ಹೀರುತ್ತ ಕಾಯುತ್ತಿದ್ದರು.

ಒಂದು ಮಳೆಗಾಲ ಕಳೆದ ಮೇಲೆ ವ್ಹಡ್ಲಿಮಾಂಯ್‌ಗೆ ಸ್ಟ್ರೋಕ್ ಆಯಿತು. ಕೈಕಾಲಿಗೆ ಬಲ ಬಂತು, ಮಾತು ಬರಲಿಲ್ಲ. ಮೀನು ತರುವ ಹೆಂಗಸನ್ನೇ ಚೌಕಾಸಿಯಲ್ಲಿ ಸುಸ್ತು ಮಾಡುತ್ತಿದ್ದ ಬಾಯಿ ಅದು. ತಡವಾದಷ್ಟೂ ಕಷ್ಟ, ಆಮೇಲೆ ಬಾರದೆಯೇ ಹೋಗಬಹುದು ಎಂದು ಡಾಕ್ಟರು ಹೇಳಿದ್ದರು. ಅವಳ ತುಟಿ ಅಲುಗಿದರೆ ಸಾಕು, ನಾವು ಸುತ್ತ ನಿಂತು ಸುರಿಯುತ್ತಿದ್ದೆವು: ನೀರಾ? ಗಂಜಿಯಾ? ಸೆಕೆಯಾ? ಪಾದ್ರಿಯನ್ನು ಕರೆಯುವುದಾ? ಅವಳು ಸೋತು ಯಾವುದೋ ಒಂದಕ್ಕೆ ತಲೆಯಾಡಿಸಿ ಕಣ್ಣು ಮುಚ್ಚುತ್ತಿದ್ದಳು. ಇದನ್ನು ನೋಡಿ ನೋಡಿ ಒಂದು ದಿನ ಆಂಟಿ ಮಮ್ಮಿಗೆ ಹೇಳಿಯೇಬಿಟ್ಟರು: "ಅವರಿಗೆ ಬೇಕಾದದ್ದನ್ನು ನೀವೇ ಹೇಳಿಬಿಡ್ತೀರಿ. ಮತ್ತೆ ಅವರು ಯಾಕೆ ಹುಡುಕಬೇಕು?"

"ಇದು ನಿಮ್ಮ ಕವಿತೆಯ ಕ್ಲಾಸ್ ಅಲ್ಲ ರೂತ್. ಅವರಿಗೆ ಹಸಿವಾಗ್ತದೆ. ನಾನು ಅವರ ಬಾಯಿ ನೋಡಿಕೊಂಡು ಕೂತುಕೊಳ್ಳುವುದಾ?"

"ಹೌದು."

ಕೆಲವು ದಿನ ಮಹಡಿಗೆ ಮೀನಿನ ಸಾರು ಹೋಗಲಿಲ್ಲ. ಜಗಳ ನಡೆದದ್ದು ಇಂಗ್ಲಿಷಿನಲ್ಲಿ, ವ್ಹಡ್ಲಿಮಾಂಯ್ ಕಳೆದುಕೊಂಡದ್ದು ಕೊಂಕಣಿ, ನಾನು ಬರೆಯುತ್ತಿರುವುದು ಕನ್ನಡ; ಭಾಷೆಯಿಂದ ಭಾಷೆಗೆ ದಾಟುವಾಗಲೇ ಎಲ್ಲ ಸ್ವಲ್ಪ ಸರಿದುಹೋಗಿದೆ. ಆದರೆ ಆ ಭಾನುವಾರದ ಊಟ ನೆನಪಿದೆ. ಬಂಗುಡೆ ಸಾರು. ವ್ಹಡ್ಲಿಮಾಂಯ್ ಒಂದು ತುತ್ತು ಬಾಯಿಗಿಟ್ಟು, ಕೈ ಬಟ್ಟಲಿನಲ್ಲೇ ಬಿಟ್ಟು, ಮಮ್ಮಿಯನ್ನು ನೋಡಿದಳು. ತುಟಿ ಅಲುಗಿತು. "ನೀರು" ಎಂದು ಅಣ್ಣ ಎದ್ದ. ಮಮ್ಮಿ ಅವನ ಕೈ ಹಿಡಿದು ಕೂರಿಸಿದಳು. ನಾವು ಕಾದೆವು. ಸಾರಿನ ಮೇಲೆ ಕೆನೆ ಕಟ್ಟಿತು. ಮಮ್ಮಿಯ ಗಂಟಲಿನವರೆಗೆ ಬಂದ ಪದಗಳನ್ನು ಅವಳು ಒಂದೊಂದಾಗಿ ನುಂಗುವುದು ಕಾಣುತ್ತಿತ್ತು. ಕೊನೆಗೆ, ಬಾವಿಯಿಂದ ಕೊಡ ಎಳೆದ ಹಾಗೆ, "ಮೀಟ್" ಎಂದಳು ವ್ಹಡ್ಲಿಮಾಂಯ್. ಉಪ್ಪು. ಸುಧಾರಿಸಿಕೊಂಡು, "ಮೀಟ್ ನಾ." ಉಪ್ಪಿಲ್ಲ.

"ಡಾಕ್ಟರು ಬೇಡ ಹೇಳಿದ್ದು ಮಾಂಯ್!" ಎಂದು ಮಮ್ಮಿ ಕೂಗಿ, ನಕ್ಕು, ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅಷ್ಟು ದಿನ ಲೋಕದ ಪದಗಳನ್ನೆಲ್ಲ ಕೊಟ್ಟಿದ್ದೆವು, ಅದೊಂದನ್ನು ಬಿಟ್ಟು. ನನ್ನ ನೆನಪಿನಲ್ಲಿ ಆಗ ರೂತ್ ಆಂಟಿ ಮೆಟ್ಟಿಲ ಮೇಲೆ ನಿಂತಿದ್ದಾರೆ. ದುಬೈಯಲ್ಲಿರುವ ಅಣ್ಣ ಫೋನಿನಲ್ಲಿ ನಗುತ್ತಾನೆ: "ಎಂತ ಮಾರಾಯ್ತಿ, ಅವರು ಆ ದಿನ ಸುರತ್ಕಲ್ಲಿಗೆ ಹೋಗಿದ್ರು. ನೀನು ಕತೆ ಕಟ್ತೀಯ." ಇರಬಹುದು. ಆದರೂ ಅವರನ್ನು ಮೆಟ್ಟಿಲಿನಿಂದ ಇಳಿಸಲು ನನಗೆ ಮನಸ್ಸಿಲ್ಲ.

ಮರಳಿ ಬಂದ ಕೆಲವೇ ಪದಗಳಲ್ಲಿ ನಮ್ಮನ್ನೆಲ್ಲ ಗದರಿಸಿಕೊಂಡು ವ್ಹಡ್ಲಿಮಾಂಯ್ ಇನ್ನಷ್ಟು ಕಾಲ ಇದ್ದಳು. ಅವಳು ತೀರಿಕೊಂಡ ಮೇಲೆ ಆಂಟಿಯೂ ಊರಿಗೆ ಮರಳಿದರು, ಮುಪ್ಪಿನವರೆಗೆ ಕಲಿಸಿದರು, ಇನ್ನೊಂದೇ ಒಂದು ಸಂಕಲನ ತಂದರು. ಅದನ್ನು ತರಿಸಿ ನಮ್ಮನ್ನು ಹುಡುಕಿದೆ. ಕೊಡಿಯಾಲ್‌ಬೈಲ್ ಇರಲಿಲ್ಲ, ಮುದುಕಿ ಇರಲಿಲ್ಲ, ಉಪ್ಪೂ ಇರಲಿಲ್ಲ. ಬೇಸರವಾಯಿತು. ಆ ಮಾತು ತಮ್ಮದಲ್ಲ ಎಂದು ಬಿಟ್ಟರೋ, ಮರೆತೇ ಹೋಯಿತೋ. ಕೇಳಬಹುದಿತ್ತು, ಕೇಳುವ ಮೊದಲೇ ಹೋದ ತಿಂಗಳು ಅವರು ತೀರಿಕೊಂಡ ಸುದ್ದಿ ಬಂತು.

ಅದನ್ನು ಹೇಳಲು ಶಕ್ತಿನಗರದಲ್ಲಿ ಮಮ್ಮಿಯ ಬಳಿ ಹೋದಾಗ ಸಂಜೆಯ ಜಪಮಾಲೆಯ ಹೊತ್ತು. ಕೇಳಿ, ಜಪಮಾಲೆ ಕೈಗೆತ್ತಿಕೊಂಡು, "ಕೂತುಕೋ, ರೂತಿಗೆ ಒಂದು ಪ್ರಾರ್ಥನೆ ಹೇಳುವ" ಎಂದಳು.

"ಅವರಿಗೆ ನಂಬಿಕೆ ಇರಲಿಲ್ಲ ಮಮ್ಮಿ."

"ನಿನಗೆ ಉಂಟಾ? ಕೂತುಕೋ."

ನಮ್ಮಲ್ಲಿ ಪ್ರಾರ್ಥನೆಯ ಮೊದಲ ಅರ್ಧ ಒಬ್ಬರದು, ಉಳಿದರ್ಧ ಜೊತೆಗಿರುವವರದು. ಮಮ್ಮಿ ತನ್ನ ಅರ್ಧ ಹೇಳಿ ನಿಲ್ಲಿಸಿದಳು. ನಾನು ಬಾಯಿ ತೆರೆದೆ. ಎಷ್ಟೋ ವರ್ಷದಿಂದ ಹೇಳದ ಮಾತು. ಎರಡು ಪದ ಬಂತು, ಮೂರನೆಯದು ಇಲ್ಲ. ಕೆಳಗೆ ರಸ್ತೆಯಲ್ಲಿ ಬಸ್ಸೊಂದು ಹಾರ್ನ್ ಹಾಕಿಕೊಂಡು ಹೋಯಿತು. ಬೆರಳ ನಡುವೆ ಮಣಿ ಹಿಡಿದು ಮಮ್ಮಿ ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳ ತುಟಿ ಅಲುಗಲಿಲ್ಲ.